ನೀಲಿ ಚುಕ್ಕೆಯ ಬೆನ್ನು ಹತ್ತಿದ ಗುಮಾನಿ ಅಕ್ಕ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡುವವರು ಎಲ್ಲ ಕಡೆಯೂ ಇದ್ದಾರೆ, ಅದರಲ್ಲೇನೂ ವಿಶೇಷವಿಲ್ಲ. ನಮ್ಮ ಗುಮಾನಿ ಅಕ್ಕ ಜಗ್ಗಿ ನೋಡಿ, ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೊಮ್ಮೆ ಜಗ್ಗಿ, ಆಮೇಲೆ ಗಂಡನನ್ನು ಕರೆದು ‘ನೀವೊಂದ್ಸಲ ಜಗ್ಗಿ ನೋಡ್ರೀ’ ಅನ್ನುವವಳು. ಗಂಡ ಪಾಪ ಜಗ್ಗಿದರೆ ‘ಹಾಗೆ ಜಗ್ಗಿದ್ರೆ ಕಿತ್ತೇ ಹೋಗುತ್ತೆ’ ಎಂದು ಬೈದು, ಕಿತ್ತುಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ತಾನೇ ಇನ್ನೊಮ್ಮೆ ಜಗ್ಗುವಳು. ಅಂಗಡಿಯವನು ಚಿಲ್ಲರೆ ಕೊಟ್ಟರೆ ಬೆಳಕಿಗೆ ಹಿಡಿದು ನೋಡುವಳು. ಯಾರಾದರೂ ‘ಚೆನ್ನಾಗಿದೀರಾ?’ ಅಂದರೆ, ‘ಯಾಕೆ, ನಿಮಗ್ಯಾರು ಏನು ಹೇಳಿದ್ರು?’ ಅನ್ನುವಳು. ಆಕೆಗೆ ಆ ಹೆಸರಿಟ್ಟವನು ಮೈದುನ. ಇಟ್ಟವನು ತಾನಲ್ಲ ಎಂದು ಇವತ್ತಿಗೂ ಆಣೆ ಮಾಡುತ್ತಾನೆ, ಅಕ್ಕ ನಂಬುವುದಿಲ್ಲ.

ಅಕ್ಕನಿಗೆ ಕೆಲಸ ಒಂದು ಕಿವಿ ಚಿಕಿತ್ಸೆಯ ಕೇಂದ್ರದಲ್ಲಿ. ಹಳೆಯ ಕಟ್ಟಡದ ಮೊದಲ ಮಹಡಿ, ಸಾಲಾಗಿ ಮೂರು ಕೋಣೆ. ಮುಂದಿನದರಲ್ಲಿ ಅಕ್ಕನ ಮೇಜು, ಕಾಯುವವರ ಬೆಂಚು, ಕಾಲಿಟ್ಟರೆ ಕಿರುಗುಟ್ಟುವ ಹಲಗೆಯ ನೆಲ. ನಡುವಿನದರಲ್ಲಿ ಅಚ್ಚು ತೆಗೆಯುವವನು. ಗುಲಾಬಿ ಬಣ್ಣದ ಮೆತ್ತನೆಯ ಅಂಟನ್ನು ಕಿವಿಗೆ ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಕಿವಿಯ ಒಳಗಿನ ಆಕಾರವನ್ನೇ ಕೈಯಲ್ಲಿ ಹಿಡಿದು ತೋರಿಸುತ್ತಾನೆ. ಕೊನೆಯದು ಡಾಕ್ಟರ ಪರೀಕ್ಷೆಯ ಕೋಣೆ. ಅಲ್ಲಿ ಗೋಡೆಗೆಲ್ಲ ಸ್ಪಂಜು, ನೆಲಕ್ಕೆ ದಪ್ಪ ಕಾರ್ಪೆಟ್ಟು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ನಮ್ಮ ಉಸಿರು ನಮಗೇ ಕೇಳಿ ಗಾಬರಿಯಾಗುತ್ತದೆ. ಕೊಂಡುಕೊಳ್ಳಲು ಆಗದವರಿಗೆ ಇಲ್ಲಿ ಕಿವಿಯ ಮಷೀನು ಪುಕ್ಕಟೆ. ಆದರೆ ಮಷೀನು ಕಡಿಮೆ, ಕೇಳುವವರು ಜಾಸ್ತಿ, ಹಾಗಾಗಿ ಸರದಿ. ಸರದಿ ಬಂದವರಿಗೆ ‘ನಿಮ್ಮ ಮಷೀನು ಬಂದಿದೆ, ಬನ್ನಿ’ ಎಂದು ತಿಳಿಸುವುದು ಅಕ್ಕನ ಜವಾಬ್ದಾರಿ.

ಈಗ ನೀವೇ ಹೇಳಿ, ಕಿವಿ ಕೇಳದವರಿಗೆ ಫೋನು ಮಾಡಿ ಏನು ಸುಖ? ಮೊದಲು ಮಾಡಿ ನೋಡಿದ್ದರು. ‘ಮಷೀನು ಬಂದಿದೆ’ ಎಂದು ಅಕ್ಕ ಇತ್ತ ಗಂಟಲು ಹರಿದುಕೊಂಡರೆ, ಅತ್ತ ಒಬ್ಬರು ‘ಮೀನು ಬೇಡಪ್ಪಾ’ ಎಂದು ಇಟ್ಟುಬಿಟ್ಟರು. ಮೊಬೈಲಿಗೆ ಮೆಸೇಜು ಕಳಿಸಿದರೆ ಜಾಹೀರಾತಿನ ರಾಶಿಯಲ್ಲಿ ಮುಳುಗಿಹೋಗುತ್ತಿತ್ತು. ಕೊನೆಗೆ ಡಾಕ್ಟರು ಅಕ್ಕನ ಮೈದುನನನ್ನು ಕರೆಸಿ ಕೇಂದ್ರಕ್ಕೆಂದೇ ಒಂದು ಆಪ್ ಮಾಡಿಸಿದರು. ಸರದಿ ಬಂದವರ ಹೆಸರು ಒತ್ತಿದರೆ ಸಾಕು, ಅವರ ವಿಳಾಸಕ್ಕೆ ಇಮೇಲ್ ಹೋಗುತ್ತದೆ, ಪರದೆಯ ಮೇಲೆ ಹಳದಿ ಚುಕ್ಕೆಯ ಪಕ್ಕ ‘ಕಳಿಸಲಾಗಿದೆ’ ಎಂದು ಬರುತ್ತದೆ. ಮೈದುನ ಹೆಮ್ಮೆಯಿಂದ ತೋರಿಸಿದ.

‘ಕಳಿಸಲಾಗಿದೆ ಅಂತ ಹೇಳ್ತಿರೋದು ಯಾರು?’ ಅಂದಳು ಅಕ್ಕ.

‘ಆಪ್ ಹೇಳುತ್ತೆ ಅತ್ತಿಗೆ.’

‘ಆಪ್ ಮಾಡಿದ್ದು ಯಾರು?’

‘ನಾನೇ.’

‘ಅದೇ ನನ್ನ ಭಯ.’

ಅಲ್ಲಿಂದ ಶುರುವಾಯಿತು ನೋಡಿ ಆ ಹುಡುಗನ ಗ್ರಹಚಾರ. ಹೋಗುವ ಪ್ರತಿ ಪತ್ರದ ಒಂದು ಪ್ರತಿ, ಪತ್ರ ಪಡೆದವರಿಗೆ ಗೊತ್ತಾಗದ ಹಾಗೆ, ತನಗೂ ಬರಬೇಕು ಅಂದಳು ಅಕ್ಕ. ಮಾಡಿಕೊಟ್ಟ. ಆಕೆ ಬೆಳಿಗ್ಗೆ ಬಂದೊಡನೆ ಒಮ್ಮೆ, ಸಂಜೆ ಹೊರಡುವ ಮುಂಚೆ ಒಮ್ಮೆ, ಅವನ್ನು ಒಂದೊಂದಾಗಿ ತೆರೆದು, ಬೆರಳಿಟ್ಟು ಓದಿ, ಹೋದದ್ದು ಸರಿಯಾಗಿಯೇ ಹೋಗಿದೆ ಎಂದು ತಲೆಯಾಡಿಸುವಳು. ನಿನ್ನೆ ಓದಿದ್ದನ್ನೇ ಇವತ್ತೂ ಓದುವಳು. ರಾತ್ರೋರಾತ್ರಿ ಅಕ್ಷರ ಬದಲಾದರೆ?

‘ನನಗೇನೋ ಬಂತು. ಅವರಿಗೆ ಮುಟ್ಟಿತು ಅಂತ ಏನು ಗ್ಯಾರಂಟಿ?’ ಎಂದಳು ಆಮೇಲೆ. ಮೈದುನ ಹಸಿರು ಚುಕ್ಕೆ ತಂದ: ‘ತಲುಪಿದೆ.’ ವಿಳಾಸ ತಪ್ಪಾಗಿದ್ದರೆ ಕೆಂಪು ಚುಕ್ಕೆ: ‘ಹಿಂದಿರುಗಿದೆ.’ ಒಂದು ತಿಂಗಳು ಶಾಂತಿಯಿಂದ ಕಳೆಯಿತು. ಅಷ್ಟರಲ್ಲಿ ಯಾರೋ ಒಬ್ಬ ಬಂದು ‘ನಂಗೆ ಪತ್ರವೇ ಬಂದಿಲ್ಲ’ ಎಂದು ಕೂಗಾಡಿ ಹೋದ. ಅಕ್ಕ ಮತ್ತೆ ಮೈದುನನಿಗೆ ಫೋನು ಹಚ್ಚಿದಳು. ‘ತಲುಪಿದ ಮಾತ್ರಕ್ಕೆ ಓದಿದ ಹಾಗಾಯ್ತಾ? ಓದಿಯೂ ಓದಿಲ್ಲ ಅಂತಾರಲ್ಲ, ಅಂಥೋರನ್ನ ಹಿಡಿಯೋದು ಹೇಗೆ?’

ಮೈದುನ ತಲೆ ಕೆರೆದುಕೊಂಡು ಕೊನೆಯ ಅಸ್ತ್ರ ತೆಗೆದ. ಪತ್ರದ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಚಿತ್ರ ಅಡಗಿಸಿಟ್ಟ. ಯಾರೇ ಆ ಪತ್ರ ತೆರೆದರೂ ಚಿತ್ರ ಕೇಂದ್ರದ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಪರದೆಯ ಮೇಲೆ ನೀಲಿ ಚುಕ್ಕೆ ಮೂಡುತ್ತದೆ, ಪಕ್ಕದಲ್ಲಿ ಎಷ್ಟು ಸಲ ತೆರೆದರು ಎಂಬ ಅಂಕಿ. ಅಕ್ಕನಿಗೆ ಸ್ವರ್ಗ ಮೂರೇ ಗೇಣು. ಆ ಚಿತ್ರಕ್ಕೆ ಆಕೆಯೇ ಕಳ್ಳಗಣ್ಣು ಎಂದು ಹೆಸರಿಟ್ಟಳು. ಡಾಕ್ಟರ ಹತ್ತಿರ ಹೋಗಿ ಒಂದು ಕಾನೂನನ್ನೂ ಮಾಡಿಸಿಕೊಂಡು ಬಂದಳು: ಪತ್ರ ತಲುಪಿ, ಮೂರು ಸಲಕ್ಕಿಂತ ಹೆಚ್ಚು ತೆರೆದು ನೋಡಿ, ಹದಿನೈದು ದಿನವಾದರೂ ಉತ್ತರಿಸದವರಿಗೆ ಮಷೀನು ಬೇಡವೆಂದೇ ಅರ್ಥ. ಹೆಸರು ಹೊಡೆದು ಮುಂದಿನವರಿಗೆ ಕೊಡುವುದು.

ಆ ಕಾನೂನಿಗೆ ಮೊದಲು ಸಿಕ್ಕಿಬಿದ್ದವನು ಗರಗಸದ ಯಜಮಾನ.

ಈತ ಮರ ಕೊಯ್ಯುವ ಮಿಲ್ಲಿನಲ್ಲಿ ಜನ್ಮ ಸವೆಸಿದವನು. ದೊಡ್ಡ ಗರಗಸದ ಕಿರುಚಾಟ ಕೇಳಿ ಕೇಳಿ ಎರಡೂ ಕಿವಿ ಹೋಗಿದ್ದವು. ಅಗಲವಾದ ಭುಜ, ದಪ್ಪ ಹುಬ್ಬು, ತನಗೆ ಕೇಳಿಸುವುದಿಲ್ಲವೆಂದು ಎದುರಿನವರಿಗೆಲ್ಲ ಕಿರುಚಿ ಮಾತಾಡುವ ಅಭ್ಯಾಸ. ಅಚ್ಚು ತೆಗೆಸಲು ಹೆಂಡತಿಯ ಜೊತೆ ಬಂದಿದ್ದ. ಹೆಂಡತಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ತುಟಿ ಬಿಚ್ಚದ ಹೆಂಗಸು. ಆಕೆ ಒಂದು ಮಾತೂ ಆಡದ್ದು ಕಂಡು ಅಕ್ಕನಿಗೆ ಮೊದಲ ಗುಮಾನಿ ಹುಟ್ಟಿತು. ಗಂಡನಿಗೆ ಕಿವಿ ಕೇಳದಿದ್ದರೆ ಹೆಂಡತಿ ಯಾಕೆ ಮೂಕಿ? ಇದರಲ್ಲೇನೋ ಇದೆ. ಮಷೀನು ಇಸಿದುಕೊಂಡು ಬೇರೆಯವರಿಗೆ ಮಾರುವವರೂ ಇದ್ದಾರೆ ಲೋಕದಲ್ಲಿ.

ಯಜಮಾನ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ, ಚಪ್ಪಲಿ ಕಳಚಿ ಬರಿಗಾಲಲ್ಲಿ ಕೂತಿದ್ದ. ಅಕ್ಕ ಮೆಲ್ಲನೆ ಎದ್ದು ಅವನ ಬೆನ್ನ ಹಿಂದೆ ಹೋಗಿ, ಕೇಂದ್ರದ ಅಷ್ಟೂ ಬಾಗಿಲು, ಬೀರು, ಮೇಜಿನ ಬೀಗದಕೈಗಳಿದ್ದ ಗೊಂಚಲನ್ನು ಹಲಗೆಯ ನೆಲಕ್ಕೆ ಬಿಟ್ಟಳು.

ಆತ ಥಟ್ಟನೆ ತಿರುಗಿದ.

‘ಸಿಕ್ಕಿಬಿದ್ರಿ!’ ಎನ್ನುವ ಹಾಗೆ ನಿಂತಿದ್ದಳು ಅಕ್ಕ. ಯಜಮಾನ ಬೀಗದಕೈ ನೋಡಿದ, ಅಕ್ಕನ ಮುಖ ನೋಡಿದ, ಅರ್ಥವಾಯಿತು. ಮುಖ ಕೆಂಪಗಾಯಿತು. ‘ನನ್ನ ಪರೀಕ್ಷೆ ಮಾಡೋಕೆ ಒಳಗೆ ಡಾಕ್ಟರು ಇದ್ದಾರಮ್ಮಾ! ನೀವ್ಯಾರು?’ ಎಂದು ಕಿಟಕಿಯ ಗಾಜು ಅದುರುವ ಹಾಗೆ ಕೂಗಿದ. ಡಾಕ್ಟರು ಓಡಿ ಬಂದು ಸಮಾಧಾನ ಮಾಡಬೇಕಾಯಿತು. ಅವರ ಪರೀಕ್ಷೆಯಲ್ಲಿ ಕಿವಿ ನಿಜವಾಗಿಯೂ ಹೋಗಿದೆ ಎಂದೇ ಬಂತು. ಅಕ್ಕನ ಪರೀಕ್ಷೆಯಲ್ಲಿ ಮಾತ್ರ ಆತ ಫೇಲು.

‘ಇವರಿಗೆ ಬೇಗ ಮಷೀನು ಹಾಕಬೇಕು’ ಎಂದು ಡಾಕ್ಟರು ಆಮೇಲೆ ಅಕ್ಕನಿಗೆ ಹೇಳಿದ್ದರು. ‘ತುಂಬಾ ದಿನ ಏನೂ ಕೇಳದೇ ಇದ್ರೆ ಮಾತು ಅಂದ್ರೆ ಏನು ಅನ್ನೋದನ್ನೇ ಕಿವಿ ಮರೆತುಬಿಡುತ್ತೆ. ಆಮೇಲೆ ಮಷೀನು ಹಾಕಿದ್ರೂ ಬರೀ ಗದ್ದಲ. ಈ ಕಂತಿನ ಮಷೀನು ತಪ್ಪಿದ್ರೆ ಮುಂದಿನದು ಬರೋಕೆ ವರ್ಷ ಹಿಡಿಯುತ್ತೆ. ಅಷ್ಟು ಹೊತ್ತಿಗೆ ಕಷ್ಟ.’

ಅಕ್ಕ ಹೂಂ ಅಂದಳು. ಮನಸ್ಸಿನಲ್ಲಿ ಬೀಗದಕೈ ಇನ್ನೂ ಬೀಳುತ್ತಲೇ ಇತ್ತು.

ಮಷೀನು ಬಂತು. ಯಜಮಾನನಿಗೆ ಪತ್ರ ಹೋಯಿತು. ಹಳದಿ ಚುಕ್ಕೆ, ಮರುಕ್ಷಣವೇ ಹಸಿರು ಚುಕ್ಕೆ. ಮಾರನೆಯ ಬೆಳಿಗ್ಗೆ ನೀಲಿ. ಉತ್ತರ ಮಾತ್ರ ಇಲ್ಲ. ಸಂಜೆಗೆ ನೀಲಿಯ ಪಕ್ಕದ ಅಂಕಿ ಒಂದು ಏರಿತು. ಮರುದಿನ ಇನ್ನೂ ಎರಡು. ಅಕ್ಕನಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ದಿನವೂ ತೆರೆದು ನೋಡುತ್ತಾನೆ, ಬರುವುದಿಲ್ಲ, ಬರುವುದಿಲ್ಲವೆಂದೂ ಹೇಳುವುದಿಲ್ಲ. ಏನು ಆಟ ಇದು?

ಮನೆಯಲ್ಲೂ ಅದೇ ಜಪ. ‘ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ, ತಪ್ಪದೆ ತೆರೀತಾನೆ ರೀ. ಆಫೀಸಿಗೆ ಹೋಗೋ ಥರ!’

‘ಅವನಿಗೆ ಬೇಡದಿದ್ರೆ ಬಿಡೇ ಮಾರಾಯ್ತಿ’ ಅಂದ ಗಂಡ, ಬಟ್ಟೆ ಮಡಚುತ್ತ.

‘ಬೇಡದಿದ್ರೆ ಯಾಕೆ ನೋಡ್ತಾನೆ?’

‘ಬೇಕಿದ್ರೆ ನೋಡಿಕೊಂಡು ಸುಮ್ಮನೆ ಕೂರ್ತಾನಾ?’

‘ಅದೇ ನಾನೂ ಹೇಳ್ತಿರೋದು! ಇದರಲ್ಲಿ ಏನೋ ಇದೆ.’

ಗಂಡ ಬಾಯಿಗೆ ಬೀಗ ಹಾಕಿಕೊಂಡ. ಮದುವೆಯಾದ ಹೊಸತರಲ್ಲೇ ಆ ಬೀಗವನ್ನು ಆತ ಕೊಂಡಿಟ್ಟುಕೊಂಡಿದ್ದ.

ನಡುವೆ ಅಕ್ಕನಿಗೆ ಜ್ವರ ಬಂದು ಎರಡು ದಿನ ಮಲಗಿದಳು. ಕೆಲಸಕ್ಕೆ ಮರಳಿ ಪರದೆ ನೋಡಿದರೆ ಯಜಮಾನನ ನೀಲಿ ಅಂಕಿ ಇದ್ದಲ್ಲೇ ಇತ್ತು. ಅಬ್ಬಾ, ಸುಸ್ತಾದ ಅಂದುಕೊಂಡಳು. ಪತ್ರಗಳ ಪ್ರತಿಗಳನ್ನೆಲ್ಲ ಎಂದಿನಂತೆ ತೆರೆದು ಓದಿ ಮುಗಿಸುವಷ್ಟರಲ್ಲಿ ಅಂಕಿ ಮೇಲೇರಿತ್ತು. ತಾನಿಲ್ಲದಾಗ ತೆರೆಯುವುದಿಲ್ಲ, ತಾನು ಬಂದ ಕೂಡಲೇ ತೆರೆಯುತ್ತಾನೆ! ಬೇಕಂತಲೇ ಕೆಣಕುತ್ತಿದ್ದಾನೆ. ಬೀಗದಕೈಯ ಸೇಡು ಇದು. ಎಲ್ಲೋ ಎದುರಿನ ಕಟ್ಟಡದಲ್ಲಿ ನಿಂತು ತನ್ನನ್ನು ನೋಡುತ್ತಿರಬಹುದೇ ಎಂದು ಕಿಟಕಿಯ ಪರದೆ ಸರಿಸಿ ಇಣುಕಿದಳು. ಎದುರಿನ ಮಹಡಿಯಲ್ಲಿ ಒಬ್ಬಾಕೆ ಹಾಸಿಗೆ ಕೊಡವುತ್ತಿದ್ದಳು. ಅವಳ ಮೇಲೂ ಒಂದು ಚೂರು ಗುಮಾನಿ ಬಂತು.

ಹದಿನೈದು ದಿನ ಮುಗಿಯಿತು. ಅಕ್ಕ ಡಾಕ್ಟರ ಮುಂದೆ ಪರದೆ ತಿರುಗಿಸಿ ತೋರಿಸಿದಳು. ‘ನೋಡಿ ಡಾಕ್ಟ್ರೇ, ಎಷ್ಟು ಸಲ ಓದಿದಾನೆ ಮನುಷ್ಯ. ಒಂದು ಉತ್ತರ ಬೇಡ್ವಾ?’ ಡಾಕ್ಟರು ಬೇಸರದಿಂದ ನಿಟ್ಟುಸಿರು ಬಿಟ್ಟು, ‘ಬೇಡ ಅಂದ್ರೆ ನಾವೇನು ಮಾಡೋಕಾಗುತ್ತೆ’ ಅಂದರು. ಅಕ್ಕ ಹೆಸರು ಹೊಡೆದಳು. ಆ ಮಷೀನು ಸರದಿಯಲ್ಲಿ ಮುಂದಿದ್ದ ಒಬ್ಬ ಹೊಲಿಗೆ ಟೀಚರಿಗೆ ಹೋಗುವುದೆಂದಾಯಿತು. ಅವರಿಗೆ ಒಂದು ಕಿವಿ ಇನ್ನೂ ಚೆನ್ನಾಗಿತ್ತು. ಪತ್ರ ಮುಟ್ಟಿದ ಕೂಡಲೇ ‘ಶುಕ್ರವಾರ ಮಧ್ಯಾಹ್ನ ಬರುತ್ತೇನೆ’ ಎಂದು ಉತ್ತರಿಸಿದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಗಿಸುತ್ತಿದ್ದರು.

ಅಕ್ಕ ಮುಗಿಸುವವಳಲ್ಲ. ಹೆಸರು ಹೊಡೆದ ಮೇಲೂ ಆ ಪತ್ರ ಹೋದದ್ದು ಸರಿಯಿತ್ತೇ ಎಂದು ತೆರೆದು ಓದುತ್ತಲೇ ಇದ್ದಳು, ನೀಲಿ ಅಂಕಿ ಏರುತ್ತಲೇ ಇತ್ತು. ಗುರುವಾರ ಸಂಜೆ ತಡೆಯಲಾರದೆ ಮೈದುನನಿಗೆ ಫೋನು ಮಾಡಿದಳು. ಅವನು ಅಲ್ಲೇನೋ ಕುಟ್ಟಿ ನೋಡಿ ಹೇಳಿದ: ‘ಅತ್ತಿಗೆ, ಇದು ವಿಚಿತ್ರವಾಗಿದೆ. ಆ ಪತ್ರ ತೆರೆದಿರೋದೆಲ್ಲ ನಿಮ್ಮ ಆಫೀಸಿನ ಒಳಗಿಂದಲೇ. ಒಂದೇ ಒಂದು ಸಲವೂ ಹೊರಗಿಂದ ತೆರೆದಿಲ್ಲ. ಬಹುಶಃ ನಿಮ್ಮ...’

‘ಒಳಗಿಂದ!’ ಅಂದಳು ಅಕ್ಕ.

‘ಪೂರ್ತಿ ಕೇಳಿ ಅತ್ತಿಗೆ, ನಿಮಗೆ ಬರೋ ಆ...’

ಅಕ್ಕ ಫೋನು ಇಟ್ಟಾಗಿತ್ತು. ಒಳಗಿನವರೇ! ಯಾರೋ ಯಜಮಾನನ ಪತ್ರ ತಾವೇ ತೆರೆದು, ತಾವೇ ಮುಚ್ಚಿಡುತ್ತಿದ್ದಾರೆ. ಒಳಗೆ ಇರುವುದೆಷ್ಟು ಜನ? ಡಾಕ್ಟರು ದೇವರಂಥವರು. ಹೋಗಲಿ, ದೇವರಂಥವರ ಮೇಲೂ ಒಂದು ಕಣ್ಣಿಡೋಣ. ಉಳಿದವನು ಅಚ್ಚು ತೆಗೆಯುವವನು. ಅವತ್ತು ಯಜಮಾನನ ಕಿವಿಗೆ ಅಂಟು ತುಂಬುತ್ತ ಕೈಸನ್ನೆಯಲ್ಲಿ ಅದೇನೋ ಹೇಳಿದ್ದ, ಯಜಮಾನ ಹಲ್ಲು ಬಿಟ್ಟು ನಕ್ಕಿದ್ದ. ಅಕ್ಕನಿಗೆ ಆ ನಗು ನೆನಪಾಯಿತು. ಹಾ!

ಶುಕ್ರವಾರ ಬೆಳಿಗ್ಗೆ ಅಕ್ಕ ಎಲ್ಲರಿಗಿಂತ ಮುಂಚೆ ಬಂದಳು. ಅಚ್ಚಿನವನು ಬಂದ ಕೂಡಲೇ ‘ಅಂಟಿನ ಡಬ್ಬ ತರಬೇಕಂತೆ, ಹೋಗಿ ಬಾ’ ಎಂದು ಹೊರಗೆ ಅಟ್ಟಿದಳು. ‘ಇನ್ನೂ ಎರಡು ಡಬ್ಬ ಇದೆಯಲ್ಲಾ’ ಅಂದ ಅವನು. ‘ಮೂರಾಗಲಿ’ ಅಂದಳು. ಡಾಕ್ಟರು ಇನ್ನೂ ಬಂದಿರಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಎರಡು ಸಲ ಜಗ್ಗಿ, ಕುರ್ಚಿಯ ಮೇಲೆ ಕೂತು ಯಜಮಾನನ ಹೆಸರಿನ ಮುಂದಿನ ನೀಲಿ ಚುಕ್ಕೆಯನ್ನೇ ದಿಟ್ಟಿಸಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂದರೆ ಅದು. ಕದಲಲಿಲ್ಲ ಅಂಕಿ. ಅಚ್ಚಿನವನು ಹೊರಗಿದ್ದಾನೆ, ಅಂಕಿ ಕದಲುತ್ತಿಲ್ಲ. ಇನ್ನೇನು ಬೇಕು ಸಾಕ್ಷಿ? ಅಕ್ಕನ ಮುಖದಲ್ಲಿ ಗೆದ್ದ ಕಳೆ ಬಂತು. ಅಷ್ಟಕ್ಕೂ ಆ ಪತ್ರದಲ್ಲಿ ಕದ್ದು ನೋಡುವಂಥದ್ದು ಏನಿದೆ, ಇನ್ನೊಮ್ಮೆ ನೋಡೋಣ ಎಂದು ತನ್ನ ಪ್ರತಿಯನ್ನು ತೆರೆದಳು.

ಅಂಕಿ ಒಂದು ಏರಿತು.

ಅಕ್ಕ ಬೆಚ್ಚಿ ಹಿಂದೆ ತಿರುಗಿ ನೋಡಿದಳು. ಯಾರೂ ಇಲ್ಲ. ಮೇಜಿನ ಕೆಳಗೆ ಬಗ್ಗಿ ನೋಡಿದಳು. ಅಲ್ಲೂ ಇಲ್ಲ. ಪತ್ರ ಮುಚ್ಚಿದಳು, ಮತ್ತೆ ತೆರೆದಳು. ಮತ್ತೊಂದು ಏರಿತು. ಮುಚ್ಚಿ ತೆರೆದಳು. ಇನ್ನೊಂದು.

ಕೈ ನಿಂತುಹೋಯಿತು. ಯಜಮಾನನಿಗೆ ಹೋದ ಪತ್ರಕ್ಕೂ ತನಗೆ ಬಂದ ಪ್ರತಿಗೂ ಇರುವುದು ಅದೇ ಕಳ್ಳಗಣ್ಣು. ಅದಕ್ಕೇನು ಗೊತ್ತು, ತೆರೆದವರು ಅವನೋ ಇವಳೋ? ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಆಫೀಸಿಗೆ ಹೋಗುವವರ ಥರ ತೆರೆದದ್ದು ತಾನೇ. ಜ್ವರ ಬಂದಾಗ ನಿಂತದ್ದೂ ತಾನೇ. ಬೇರೆಯವರೆಲ್ಲ ತಮ್ಮ ಪತ್ರ ತಾವೂ ಓದಿ ಬಂದು ಹೋಗಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಈ ಮನುಷ್ಯ ಮಾತ್ರ ಪತ್ರವನ್ನು ಒಮ್ಮೆಯೂ ನೋಡಿಲ್ಲ. ನೋಡದವನನ್ನು ನೋಡಿಯೂ ಬರಲಿಲ್ಲ ಎಂದು ಹೆಸರು ಹೊಡೆದವಳು ತಾನು.

ಅಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಟೀಚರು ಇವತ್ತು ಮಧ್ಯಾಹ್ನವೇ ಬರುತ್ತಾರೆ.

ಡಾಕ್ಟರು ಬಂದು ಬಾಗಿಲು ಬಡಿದಾಗ ಅಕ್ಕ ಚಿಲಕ ತೆಗೆದು ಅಲ್ಲೇ ಹೊಸ್ತಿಲಲ್ಲೇ ಎಲ್ಲ ಹೇಳಿದಳು. ಡಾಕ್ಟರಿಗೆ ಮೊದಲು ನಗು ಬಂತು, ಆಮೇಲೆ ನಗು ಆರಿತು. ‘ಮಷೀನು ಇನ್ನೂ ಇಲ್ಲೇ ಇದೆ. ಟೀಚರು ಬರೋದ್ರೊಳಗೆ ಯಜಮಾನ್ರು ಬಂದ್ರೆ ಅವರದ್ದು. ಟೀಚರಿಗೆ ನಾನು ಹೇಳ್ತೀನಿ, ಅವರಿಗೆ ಕಾಯೋ ಶಕ್ತಿ ಇದೆ. ಬರದಿದ್ರೆ ಮಾತ್ರ ಟೀಚರಿಗೆ ಕೊಡಲೇಬೇಕಾಗುತ್ತೆ, ದೂರದಿಂದ ಬರ್ತಿದಾರೆ. ಹೋಗಿ’ ಅಂದರು.

ಅಕ್ಕ ಕೈಯಲ್ಲಿದ್ದ ಬೀಗದಕೈ ಗೊಂಚಲಿನ ಸಮೇತ ಮೆಟ್ಟಿಲಿಳಿದಳು. ಮೇಜಿನ ಬೀಗ ಜಗ್ಗಿ ನೋಡದೆ ಹೊರಟದ್ದು ಅದೇ ಮೊದಲು.

ಯಜಮಾನನ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲೆ. ಅಕ್ಕ ಉಸಿರು ಬಿಡುತ್ತ ಹತ್ತಿ ಬಾಗಿಲು ಬಡಿದಳು. ಬಡಿದ ಮೇಲೆ ತಾನೆಂಥ ಬೆಪ್ಪು ಎಂದು ತಿಳಿಯಿತು. ಪಕ್ಕದಲ್ಲೊಂದು ಹಗ್ಗ ಇಳಿಬಿದ್ದಿತ್ತು. ಎಳೆದಳು. ಕಿಟಕಿಯಲ್ಲಿ ಕಂಡಿತು, ಒಳಗೆ ಕುರ್ಚಿಯ ಎದುರಿನ ಗೋಡೆಯ ಮೇಲೆ ಮರದ ಹಕ್ಕಿಯೊಂದು ರೆಕ್ಕೆ ಬಡಿಯಿತು. ಯಜಮಾನನೇ ಕೆತ್ತಿ ಮಾಡಿಕೊಂಡಿದ್ದ ಕರೆಗಂಟೆ. ಆತ ಎದ್ದು ಬಂದು ಬಾಗಿಲು ತೆರೆದು ಅಕ್ಕನನ್ನು ನೋಡಿದವನೇ ಮುಚ್ಚಿದ. ಅಕ್ಕ ಮತ್ತೆ ಹಗ್ಗ ಎಳೆದಳು. ಹಕ್ಕಿ ರೆಕ್ಕೆ ಬಡಿಯಿತು. ಎಳೆಯುತ್ತಲೇ ಇದ್ದಳು.

‘ಏನು, ಮತ್ತೆ ಬೀಗದಕೈ ಬೀಳಿಸೋಕೆ ಬಂದ್ರಾ?’ ಬಾಗಿಲು ತೆರೆದು ಕೂಗಿದ ಆತ. ಅಕ್ಕನ ಕೈಯಲ್ಲಿ ಗೊಂಚಲು ನೋಡಿ ಇನ್ನೂ ಉರಿದುಬಿದ್ದ. ‘ತಂದೇಬಿಟ್ಟಿದೀರಿ! ರೀ ಅಮ್ಮಾ, ಜನ್ಮವೆಲ್ಲ ಮರದ ಜೊತೆ ಬದುಕಿದ ಕಾಲು ಇದು. ಹಲಗೆ ನಡುಗಿದ್ರೆ ಪಾದಕ್ಕೆ ಗೊತ್ತಾಗುತ್ತೆ ನಂಗೆ. ಅದಕ್ಕೆ ತಿರುಗಿದೆ. ಅಷ್ಟಕ್ಕೇ ಕಳ್ಳ ಅಂದುಕೊಂಡ್ರಿ. ಹೆಸರು ತೆಗೆದು ಹಾಕಿಸಿದ್ರಿ. ಗೊತ್ತು ನಂಗೆ. ದಿನಾ ಫೋನು ನೋಡ್ತೀನಿ, ಒಂದು ಪತ್ರ ಬಂದಿಲ್ಲ!’

ಬಾಗಿಲ ಒಳಗೆ ಗೋಡೆಗೆ ಸ್ಲೇಟೊಂದು ನೇತುಹಾಕಿತ್ತು. ಹೆಂಡತಿಯ ಅಕ್ಷರದಲ್ಲಿ ‘ಹಾಲು ಮುಚ್ಚಿಟ್ಟಿದೀನಿ. ಕಿಟಕಿ ಹಾಕಿ’ ಎಂದಿತ್ತು. ಅದರ ಕೆಳಗೆ ಗಂಡನ ದಪ್ಪ ಅಕ್ಷರ: ‘ಆಯ್ತು.’ ಆ ಮನೆಯ ಸಂಸಾರದ ಮಾತೆಲ್ಲ ಅಷ್ಟೇ. ತುಟಿ ಬಿಚ್ಚದ ಹೆಂಗಸಿನ ಮೇಲೆ ತಾನು ಪಟ್ಟ ಗುಮಾನಿ ಅಕ್ಕನಿಗೆ ನೆನಪಾಯಿತು. ಕೇಳುವವರಿಲ್ಲದ ಮನೆಯಲ್ಲಿ ಆಕೆ ಮಾತಾಡುವುದನ್ನೇ ಬಿಟ್ಟಿದ್ದಳು. ಅಕ್ಕನಿಗೆ ಸ್ಲೇಟು ಒರೆಸಲು ಮನಸ್ಸು ಬರಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ಮೂಲೆಯಲ್ಲಿ ಸಣ್ಣಗೆ ಬರೆದಳು: ‘ಪತ್ರ ಕಳಿಸಿದೀವಿ. ಫೋನ್ ಕೊಡಿ.’

ಆತ ಹುಬ್ಬು ಗಂಟಿಕ್ಕಿ, ಕೊಡಲೋ ಬೇಡವೋ ಎಂದು ನಿಂತು, ಕೊಟ್ಟ. ಕೊಟ್ಟರೂ ಕಣ್ಣು ತೆಗೆಯಲಿಲ್ಲ, ಅಕ್ಕ ಎಲ್ಲಿ ಕಿತ್ತುಕೊಂಡು ಓಡುತ್ತಾಳೋ ಎನ್ನುವ ಹಾಗೆ. ಅಕ್ಕ ಬೇಡದ ಪತ್ರಗಳು ಬೀಳುವ ಡಬ್ಬಿ ತೆರೆದಳು. ಲಾಟರಿ, ತೂಕ ಇಳಿಸುವ ಪುಡಿ, ಯಾವುದೋ ಸಾಲದ ಆಮಿಷ, ಅವುಗಳ ನಡುವೆ ಕೇಂದ್ರದ ಪತ್ರ ಯಾರೂ ತೆರೆಯದೆ ಹೊಸದಾಗಿಯೇ ಬಿದ್ದಿತ್ತು. ಅದರ ನೆತ್ತಿಯ ಮೇಲೆ ಆ ಫೋನೇ ಒಂದು ಎಚ್ಚರಿಕೆ ಅಂಟಿಸಿತ್ತು: ‘ಈ ಪತ್ರ ಅನುಮಾನಾಸ್ಪದವಾಗಿದೆ.’

ಮೈದುನ ಯಾವಾಗಲೋ ಹೇಳಿದ್ದ, ಒಳಗೆ ಏನಾದರೂ ಅಡಗಿಸಿಟ್ಟ ಪತ್ರ ಕಂಡರೆ ಕೆಲವು ಕಡೆ ಒಳಗೇ ಬಿಡುವುದಿಲ್ಲ ಅತ್ತಿಗೆ ಎಂದು. ಆಕೆ ಕಿವಿಯ ಮೇಲೆ ಹಾಕಿಕೊಂಡಿರಲಿಲ್ಲ.

ಆತ ಪತ್ರವನ್ನು ನಿಧಾನವಾಗಿ ಓದಿದ. ತಾರೀಕು ನೋಡಿದ. ಮತ್ತೊಮ್ಮೆ ಮೊದಲಿನಿಂದ ಓದಿದ. ಕೂಗುವವನ ದನಿ ಮೊದಲ ಸಲ ಇಳಿಯಿತು. ‘ಹಾಗಾದ್ರೆ ನೀವು ಕಳಿಸಿದ್ರಾ? ನಾನು ಸುಮ್ಸುಮ್ಮನೆ ನಿಮ್ಮ ಮೇಲೆ ಅನುಮಾನ ಪಟ್ಟೆನಾ?’

ಅಕ್ಕ ಸ್ಲೇಟಿನ ಮೇಲೆ ಉಳಿದಿದ್ದ ಚೂರು ಜಾಗದಲ್ಲಿ ಬರೆದಳು: ‘ನಾನೂ. ಬೇಗ ಹೊರಡಿ.’

ದಾರಿಯಲ್ಲೇ ಲಾಂಡ್ರಿ. ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದ ಹೆಂಡತಿಯನ್ನು ಹಾಗೆಯೇ ಎಬ್ಬಿಸಿಕೊಂಡು ಬಂದರು. ನಡೆಯುತ್ತಲೇ ಅಕ್ಕ ಮೈದುನನಿಗೆ ಫೋನು ಹಚ್ಚಿದಳು. ‘ಆ ಕಳ್ಳಗಣ್ಣನ್ನ ಇವತ್ತೇ ಕಿತ್ತುಹಾಕು.’

‘ನಿಜವಾಗಲೂ ಅತ್ತಿಗೆ?’

‘ನಿಜವಾಗಲೂ. ಕಿತ್ತ ಮೇಲೆ ಒಂದು ಫೋಟೋ ಕಳಿಸು.’

ಟೀಚರು ಇನ್ನೂ ಬಂದಿರಲಿಲ್ಲ. ಡಾಕ್ಟರು ಯಜಮಾನನನ್ನು ಸ್ಪಂಜಿನ ಕೋಣೆಯಲ್ಲಿ ಕೂರಿಸಿ, ಎರಡೂ ಕಿವಿಗೆ ಅಚ್ಚು ಕೂರಿಸಿ, ಮಷೀನಿನ ಗುಂಡಿಯನ್ನು ಮೆಲ್ಲಗೆ ತಿರುಗಿಸತೊಡಗಿದರು. ಹೆಂಡತಿ ಬಾಗಿಲ ಬಳಿ ಸೆರಗು ಹಿಡಿದುಕೊಂಡು ನಿಂತಿದ್ದಳು. ಆತ ಗೋಡೆ ನೋಡುತ್ತ ಕಲ್ಲಿನಂತೆ ಕೂತಿದ್ದ. ಡಾಕ್ಟರು ಅಕ್ಕನ ಕಡೆ ನೋಡಿ, ಹಿಂದೆ ನಿಂತು ಏನಾದರೂ ಸದ್ದು ಮಾಡಿ ಎಂದು ಸನ್ನೆ ಮಾಡಿದರು.

ಅಕ್ಕನ ಕೈಯಲ್ಲಿ ಇದ್ದದ್ದು ಒಂದೇ ವಸ್ತು. ಅದನ್ನು ಬೀಳಿಸಲು ಆಕೆಗೆ ಪ್ರಾಣ ಹೋದಂತಾಯಿತು. ಆದರೂ ಅಕ್ಕ ಅಕ್ಕನೇ. ಮೊದಲು ಹಿಮ್ಮಡಿಯಿಂದ ಕಾರ್ಪೆಟ್ಟನ್ನು ಒತ್ತಿ ನೋಡಿದಳು. ದಪ್ಪಗಿತ್ತು, ಪಾದಕ್ಕೆ ಏನೂ ಮುಟ್ಟುವ ಹಾಗಿರಲಿಲ್ಲ. ಆಮೇಲೆ ಗೊಂಚಲನ್ನು ಬಿಟ್ಟಳು. ಸಣ್ಣಗೆ ಝಣ್ ಎಂದು ಬಿತ್ತು.

ಆತ ತಿರುಗಲಿಲ್ಲ.

ಡಾಕ್ಟರ ಮುಖ ಸಣ್ಣದಾಯಿತು. ತಡವಾಯಿತು, ಕಿವಿ ಮರೆತುಬಿಟ್ಟಿದೆ, ಮರೆಸಿದವಳು ನಾನೇ ಎಂದು ಅಕ್ಕನಿಗೆ ಅಳು ನುಗ್ಗಿ ಬಂತು.

‘ಎತ್ಕೊಳ್ಳಿ ಅಮ್ಮಾ’ ಅಂದ ಯಜಮಾನ, ಗೋಡೆ ನೋಡುತ್ತಲೇ. ‘ಬೀಗದಕೈ ಬಿತ್ತು.’

ಬಾಗಿಲ ಬಳಿ ಕಿಸಕ್ಕೆಂದು ಯಾರೋ ನಕ್ಕರು. ಬಹಳ ದಿನ ಉಪಯೋಗಿಸದ ನಗು, ಸ್ವಲ್ಪ ಒಡೆದಿತ್ತು. ಬೀಗದಕೈಗೆ ತಿರುಗದ ಮನುಷ್ಯ ಆ ನಗು ಕೇಳಿದ್ದೇ ತಡ, ಕುರ್ಚಿಯ ಸಮೇತ ತಿರುಗಿದ. ಹೆಂಡತಿಯನ್ನೇ ನೋಡಿದ. ‘ಇನ್ನೊಂದ್ಸಲ’ ಅಂದ, ಮೆಲ್ಲಗೆ.

ಅಕ್ಕ ಬೀಗದಕೈ ಎತ್ತಿಕೊಳ್ಳಲು ಬಗ್ಗಿದವಳು ಬಹಳ ಹೊತ್ತು ಏಳಲಿಲ್ಲ.